ಬಸಿದ ನೀರು

ತಿಳಿ ಹಳದಿ, ಬಟ್ಟಲಿನ ತಳದಲ್ಲಿ ಕೊರೆಸಿದ ಹೆಸರನ್ನು ಓದಬಹುದಾದಷ್ಟು ತಿಳಿ, ಬಾಳವ್ವ ಅದನ್ನೇ ಚಮಚದಲ್ಲಿ ಮಗುವಿನ ಬಾಯಿಗೆ ಬಿಡುತ್ತಿದ್ದಾಳೆ, ಗಲ್ಲಕ್ಕೆ ಇಳಿದದ್ದನ್ನು ಚಮಚದ ಅಂಚಿನಿಂದ ಬಳಿದು ಮತ್ತೆ ಬಾಯಿಗೆ, ಒಂದು ಹನಿಯೂ ನೆಲಕ್ಕೆ ಬೀಳದ ಹಾಗೆ — ಬೇಳೆ ಎಲ್ಲಿ, ಸುಮಲತಾ ಬಗ್ಗಿ ನೋಡಿದಳು, ಒಂದು ಕಾಳೂ ಇಲ್ಲ, ಗಬ್ಬೂರಿನ ಈ ಓಣಿಯಲ್ಲಿ ಯಾವ ಮನೆಗೆ ಹೋದರೂ ಕೂಸಿನ ಬಟ್ಟಲಲ್ಲಿ ಇದೇ ಬೇಳೆ ಬಸಿದ ನೀರು, ಕಟ್ಟು, ಮಗುವಿನ ರಟ್ಟೆಗೆ ಸುತ್ತಿದ ಟೇಪು ಹಳದಿಯನ್ನು ದಾಟಿ ಕೆಂಪಿಗೆ ಬಂದು ನಿಂತಿದೆ, ಕೆಂಪು ಅಂದರೆ ಸರಿಯಾದ ಆಹಾರ ಸಿಗದ ಮಗು, ಈ ಮೈಲಾರಿಗೆ ಒಂದೂವರೆ ವರ್ಷ ಎಂದರೆ ಯಾರೂ ನಂಬುವುದಿಲ್ಲ, ನಿನ್ನೆ ಮುಂಜಾನೆಯಿಂದ ಏನೇನು ತಿನ್ನಿಸಿದ್ರಿ ಬಾಳವ್ವ, ನೆನಪು ಮಾಡಿ ಹೇಳ್ರಿ, ಎಂದು ಕೇಳುತ್ತ ಚೀಲದಿಂದ ಅಳತೆಯ ಬಟ್ಟಲುಗಳನ್ನು ತೆಗೆದಿಟ್ಟಳು, ಬಾಳವ್ವ ನಕ್ಕಳು, ಮೊನ್ನೆ ಜನಗಣತಿಯವರು ಬಂದು ಮನ್ಯಾಗ ಎಷ್ಟ ಮಂದಿ ಅದೀರಿ ಅಂತ ಕೇಳಿದ್ರು, ಈಗ ನೀವು ಬಂದು ಹೊಟ್ಟ್ಯಾಗ ಏನೈತಿ ಅಂತ ಕೇಳಾಕತ್ತೀರಿ, ಸರ್ಕಾರಕ್ಕ ಬ್ಯಾರೆ ಕೆಲಸ ಇಲ್ಲೇನ್ರಿ ಅಕ್ಕಾರ — ಸರ್ಕಾರ ಅಲ್ಲ, ಎಂ.ಎಸ್ಸಿ. ಪ್ರಬಂಧ, ಧಾರವಾಡದ ಕಾಲೇಜು, ಈ ತಿಂಗಳೇ ಕೊಡಬೇಕು, ಇನ್ನೂ ಅರ್ಧ ಓಣಿ ಉಳಿದಿದೆ, ಗೈಡ್ ಮೇಡಂ ಫ್ಯಾನಿನ ಕೆಳಗೆ ಕೂತು ಹೇಳುತ್ತಾರೆ, ಕಾರಣ ತಾಟಿನಲ್ಲಿ ಹುಡುಕಬೇಡ ಸುಮಲತಾ, ಬಡಿಸುವ ಕೈಯಲ್ಲಿ ಹುಡುಕು, ಹೇಳುವುದು ಸುಲಭ, ಬಿಸಿಲು ನೆತ್ತಿಗೆ ಬಂದಿದೆ, ರಾತ್ರಿ ನಿದ್ದೆ ಬರುವುದಿಲ್ಲ, ಮನಃಶಾಸ್ತ್ರ ಓದುವ ಗೆಳತಿ ನಾಗರತ್ನಾ ವಿದ್ಯಾರ್ಥಿಗಳ ಒತ್ತಡದ ಮೇಲೆ ಪ್ರಬಂಧ ಮಾಡುತ್ತಾಳೆ, ನಿನ್ನ ಟೆನ್ಶನ್ ನನಗ ಬೇಕವಾ, ನನ್ನ ಡಿಗ್ರಿ ಅದರ ಮ್ಯಾಲೇ ನಿಂತೈತಿ, ಎಂದು ಪ್ರಶ್ನೆಪತ್ರಿಕೆ ಹಿಡಿದು ಬೆನ್ನು ಹತ್ತಿದ್ದಳು, ಎಲ್ಲವೂ ಕೈಮೀರಿ ಹೋಗುತ್ತಿದೆ ಅನಿಸುತ್ತದೆಯೇ, ಆಗಾಗ, ಎಂದು ಗುರುತು ಹಾಕಿ ಕೊಟ್ಟಿದ್ದಳು ಸುಮಲತಾ, ಮನೆಯಲ್ಲಿ ಅಪ್ಪನ ಕಿಡ್ನಿ, ಇಲ್ಲಿ ಈ ಬಟ್ಟಲುಗಳು — ಬಾಳವ್ವ, ಬೇಳೆಯನ್ನ ಕಿವಿಚಿ ತಿನ್ನಿಸ್ರಿ, ಬರೀ ಕಟ್ಟು ಕೊಟ್ರ ಕೂಸು ಹ್ಯಾಂಗ ಮೈ ಹಿಡೀತದ, ಬಾಳವ್ವ ಒಪ್ಪಲಿಲ್ಲ, ಬ್ಯಾಳಿ ಕುದಿಯೋ ಮುಂದ ಸತ್ವ ಎಲ್ಲಾ ಕಟ್ಟಿಗೆ ಇಳೀತೈತ್ರಿ ಅಕ್ಕಾರ, ಬ್ಯಾಳಿ ಅಂದ್ರ ಮ್ಯಾಲ ಉಳಿಯೋ ಚರಟ, ಅದನ್ನ ನಾವು ದೊಡ್ಡವರು ಉಣ್ತೀವಿ, ನಮ್ಮತ್ತಿ ಎಲ್ಲಾ ಮಕ್ಕಳನ್ನ ಹಿಂಗ ಬೆಳಿಸ್ಯಾಳ, ಇದಕ್ಕೆ ಉತ್ತರ ಸುಮಲತಾಗೆ ಬಾಯಿಪಾಠ, ಪ್ರತಿ ಮನೆಯಲ್ಲೂ ಹೇಳಿದ್ದೇ, ನೀರಿಗೆ ಸತ್ವ ಇಳಿಯೂದಿಲ್ರಿ, ನೀರಿಗೆ ಇಳಿಯೂದು ಬರೀ ಉಪ್ಪಿನಂಥ ಅಂಶ, ಪೊಟ್ಯಾಶಿಯಂ ಅಂತ — ಅಲ್ಲಿಗೇ ನಾಲಗೆ ನಿಂತಿತು.

ಪೊಟ್ಯಾಶಿಯಂ, ಅದೇ ಶಬ್ದ, ವಿದ್ಯಾನಗರದ ಡಾಕ್ಟರು ಅಪ್ಪನ ರಕ್ತದ ವರದಿಯ ಮೇಲೆ ಪೆನ್ನಿನಿಂದ ಕುಟ್ಟಿ ಕುಟ್ಟಿ ಹೇಳಿದ್ದು, ನಿಮ್ಮ ಕಿಡ್ನಿ ಇದನ್ನ ಹೊರಗ ಹಾಕೂದಿಲ್ಲ ಗುರುಶಿದ್ದಪ್ಪನವರ, ಒಳಗ ಕೂಡಿದ್ರ ಮೊದಲು ಕೈಕಾಲಿನ ಶಕ್ತಿ ಹೋಗ್ತದ, ಆಮ್ಯಾಲೆ ಎದಿ, ಕಳೆದ ವಾರದ ವರದಿಯಲ್ಲಿ ಮತ್ತೆ ಏರಿತ್ತು, ಯಾರು ಇವರಿಗೆ ಎಳನೀರು ಕೊಡಾಕತ್ತೀರಿ, ಬಾಳಿಹಣ್ಣು ಯಾರು ಕೊಡಾಕತ್ತೀರಿ, ಡಾಕ್ಟರು ಒಬ್ಬೊಬ್ಬರ ಮುಖ ನೋಡಿ ಕೇಳಿದ್ದರು, ಅವ್ವ ಕೊರಳಿನ ಲಿಂಗ ಮುಟ್ಟಿಕೊಂಡು ಆಣೆ ಮಾಡಿದಳು, ನಮ್ಮ ಮನ್ಯಾಗ ಎಳನೀರು ಬಂದ ವರ್ಷ ಆತ್ರಿ, ಹಿಂದಿರುಗುವಾಗ ಅಣ್ಣ ಕಲ್ಲೇಶ ನಗುತ್ತಲೇ ಚುಚ್ಚಿದ, ಅಪ್ಪಾ, ಕಾಳಿನ ಅಂಗಡಿಗೆ ಬಂದು ಕುಂತಾಗ ಮಗ್ಗಲ ಹಣ್ಣಿನ ಗಾಡಿ ಕಡೆ ಕೈ ಹೋಗತಾವೇನ, ಅಪ್ಪ ಕಿಟಕಿಯ ಕಡೆ ಮುಖ ತಿರುವಿದ, ಅದನ್ನೇ ಎಲ್ಲರೂ ಒಪ್ಪಿಗೆ ಅಂದುಕೊಂಡರು, ಸುಮಲತಾ ಕೂಡ, ಅಂದಿನಿಂದ ಅಪ್ಪ ಅಂಗಡಿಗೆ ಹೋಗುವುದನ್ನೇ ಬಿಟ್ಟ — ಮತ್ತೆ ಅವ್ವನಿಗೆ ಅಡುಗೆ ಹೇಳಿಕೊಟ್ಟವಳು ಯಾರು, ಇವಳೇ, ಒಲೆಯ ಮುಂದೆ ನಿಂತು, ಆಲೂಗಡ್ಡಿ ಸಣ್ಣಗೆ ಹೆಚ್ಚಿ ನೆನಸಬೇಕು, ಪಲ್ಲೆ, ಬೇಳೆ, ಎಲ್ಲಾ ಹೆಚ್ಚು ನೀರಿನ್ಯಾಗ ಕುದಿಸಿ ಬಸೀಬೇಕು, ನೀರು ಚೆಲ್ಲಬೇಕು, ಅವ್ವ ಬಚ್ಚಲ ತೂತಿನ ಕಡೆ ನೋಡಿದ್ದಳು, ಚೆಲ್ಲೂದ, ಅಂದಿದ್ದಳು, ಹ್ಞೂಂ ಚೆಲ್ಲೂದು, ಪಾಠ ಮುಗಿಯಿತು, ಬಸ್ಸಿಗೆ ಹೊತ್ತಾಗಿತ್ತು, ಅವ್ವನ ಕೈ ಯಾವತ್ತಾದರೂ ಕಟ್ಟು ಚೆಲ್ಲಿದೆಯೇ, ಹುಟ್ಟಿದಾಗಿನಿಂದ ನೋಡಿಲ್ಲ, ಹೋಳಿಗೆ ಮಾಡಿದ ದಿನ ಕಟ್ಟಿಗಾಗಿ ಓಣಿಯವರು ತಂಬಿಗೆ ಹಿಡಿದು ಬರುತ್ತಿದ್ದರು, ಹುಣಸೆಹಣ್ಣು, ಬೆಳ್ಳುಳ್ಳಿ, ಕೊಬ್ಬರಿ, ಮಸಾಲಿ, ಕಟ್ಟಿನ ಸಾರು, ಮತ್ತೆ ಈಚೆಗೆ ಒಂದು ಭಾನುವಾರ ಅವಳೇ ಸಾರು ಎರಡನೇ ಸಲ ಹಾಕಿಸಿಕೊಂಡು, ಅವ್ವಾ ಸಾರು ಭಾರಿ ಆಗೇತಿ, ಅಂದಿದ್ದಳು, ಅವ್ವನ ಮುಖ ಅರಳಿತ್ತು, ಈಗ ದಿನಾ ಮಾಡ್ತೇನಿ, ದಿನಾ ಕಟ್ಟು ಬರತೈತಲ್ಲ, ನಿಮ್ಮಪ್ಪಗೂ ಬಾಯಿಗೆ ರುಚಿ ಅನಸೂದು ಅದೊಂದ, ಇದನ್ನು ಕೇಳಿದ್ದಳು, ಈ ಕಿವಿಗಳಿಂದಲೇ ಕೇಳಿದ್ದಳು, ಬೆರಳು ನೆಕ್ಕುತ್ತ ಕೇಳಿದ್ದಳು, ಗಬ್ಬೂರಿನ ಮನೆಮನೆಗಳಲ್ಲಿ ಯಾರು ಏನು ಉಂಡರು ಎಂದು ಕೆದಕಿ ಕೇಳುವವಳು ತನ್ನ ಮನೆಯ ಒಲೆಯ ಮುಂದೆ ಏನೂ ಕೇಳಲಿಲ್ಲ — ಪಲ್ಲೆಯಿಂದ ಬಸಿದದ್ದು, ಬೇಳೆಯಿಂದ ಬಸಿದದ್ದು, ಆಲೂಗಡ್ಡೆಯಿಂದ ಬಸಿದದ್ದು, ಅಪ್ಪನಿಂದ ದೂರ ಇಡಬೇಕಾದದ್ದೆಲ್ಲ ಒಂದೇ ಬೋಗುಣಿಗೆ, ಒಗ್ಗರಣೆ ಹಾಕಿ, ಬಿಸಿಬಿಸಿ, ಅಪ್ಪನ ಮುಂದೆ. ಅಕ್ಕಾರ, ಬಾಳವ್ವ ಕರೆಯುತ್ತಿದ್ದಾಳೆ, ಅಕ್ಕಾರ, ಯಾಕ ಮಾರಿ ಹಿಂಗ ಆತು, ನೀರು ಕುಡೀತೀರೇನು.

ಬಟ್ಟಲುಗಳು ಅಲ್ಲೇ ಉಳಿದವು, ಇರಲಿ, ಹೆದ್ದಾರಿಯ ಬದಿಯ ಫೋನಿನ ಅಂಗಡಿ, ಮನೆಯ ನಂಬರು, ರಿಂಗಾಗುತ್ತಿದೆ, ಆಗುತ್ತಲೇ ಇದೆ, ಎತ್ತು ಅವ್ವಾ, ಎತ್ತು, ಯಾರೂ ಎತ್ತುವುದಿಲ್ಲ, ಯಾಕೆಂದು ಗೊತ್ತು, ಉಣ್ಣಾಕ ಕುಂತಾಗ ಫೋನ್ ಎತ್ತಬ್ಯಾಡ್ರಿ, ಅನ್ನದ ಮುಂದ ಯಾವ ವ್ಯಾಪಾರನೂ ದೊಡ್ಡದಲ್ಲ, ಅಪ್ಪನೇ ಮಾಡಿದ ನೇಮ, ತಾನೇ ಕಾಳಿನ ಅಂಗಡಿ ನಡೆಸುತ್ತಿದ್ದ ಕಾಲದಿಂದ, ಅವ್ವ ಬಡಿಸುವ ಸೌಟು ಕೆಳಗಿಟ್ಟು ಏಳುವವಳಲ್ಲ, ಹಾಗಾದರೆ ಈ ಗಂಟೆ ಹೊಡೆದುಕೊಳ್ಳುತ್ತಲೇ ಇದೆ ಅಂದರೆ ಅಪ್ಪ ತಾಟಿನ ಮುಂದೆ ಕೂತಿದ್ದಾನೆ, ರೊಟ್ಟಿ ಮುಗಿದಿದೆಯೋ, ಅನ್ನ ಸಾರಿಗೆ ಬಂದಿದ್ದಾನೋ, ಫೋನು ಇಟ್ಟು ಮತ್ತೆ ನಂಬರು ತಿರುಗಿಸಿದಳು, ಮತ್ತೆ ಅದೇ ಗಂಟೆ, ಕಲ್ಲೇಶಣ್ಣ ಕಾಳಿನ ಖರೀದಿಗೆ ಗದಗಿಗೆ ಹೋಗಿದ್ದಾನೆ, ನೆರೆಯ ಗೌರಕ್ಕನ ನಂಬರು ನೆನಪಾಗುತ್ತಿಲ್ಲ, ಕೊನೆಯ ಅಂಕಿಗಳು ನೀರಲ್ಲಿ ಬಿದ್ದ ಹಾಗೆ ಅಲುಗಾಡುತ್ತವೆ — ಆಟೋ, ದೇಶಪಾಂಡೆ ನಗರ, ಲಗೂ ಹೊಡೀರಿ ಕಾಕಾ, ಆಟೋದವನು ಕನ್ನಡಿಯಲ್ಲಿ ನೋಡಿದ, ಬಂಕಾಪುರ ಚೌಕದಾಗ ಎತ್ತಿನ ಗಾಡಿ, ಟ್ರಕ್ಕು, ಎಲ್ಲಾ ಸೇರಿ ಸಂತಿ ಮಾಡ್ಯಾವವಾ, ನಾ ಏನು ಹಾರಿಸ್ಲಿ, ಅವನೇನು ಮಾಡಿಯಾನು, ಮುಂದೆ ಸೀಮೆಎಣ್ಣೆಯ ಟ್ಯಾಂಕರು, ಹೊಗೆ, ಹಾರ್ನು, ಆ ಹೊಗೆಯ ನಡುವೆ ಇವತ್ತಿನ ಮುಂಜಾನೆ ಎದ್ದು ಬಂತು, ಅಪ್ಪ ಪೂಜೆ ಮುಗಿಸಿ ಏಳುತ್ತಿದ್ದಾನೆ, ಬಲಗೈ ನೆಲಕ್ಕೆ ಊರಿದ್ದಾನೆ, ಐದೂ ಬೆರಳು ಅಗಲಿಸಿ, ಉಗುರುಗಳು ಬಿಳಿಚಿವೆ, ಎದ್ದ, ನಿಧಾನವಾಗಿ ಎದ್ದ, ವಯಸ್ಸಾಯಿತು ಅಂದುಕೊಂಡು ಅವಳು ಚಪ್ಪಲಿ ಮೆಟ್ಟಿದಳು, ಮೊದಲು ಕೈಕಾಲಿನ ಶಕ್ತಿ ಹೋಗ್ತದ, ಡಾಕ್ಟರು ಹೇಳಿದ್ದು ಅದೇ ಅಲ್ಲವೇ, ಅದೇ ಕೈ, ನೆಲಕ್ಕೆ ಊರಿದ ಕೈ, ಕಣ್ಣ ಮುಂದೆ ನಡೆಯಿತು, ಅವಳು ನೋಡಿದ್ದಳು, ವರದಿಯಲ್ಲ, ಪಾಠವಲ್ಲ, ಅಪ್ಪನ ಕೈ — ಚೆನ್ನಮ್ಮ ಸರ್ಕಲ್ಲು, ಪೊಲೀಸ್ ಕೈ ಅಡ್ಡ ಮಾಡಿದ, ಅವ್ವನಿಗೆ ಏನಂತ ಹೇಳುವುದು, ನೀನು ಮಾಡಿದ ಸಾರು, ಅಂತಲೇ, ಜಡ್ಡಾದಾಗಿಂದ ತನ್ನ ಕೈಯ ಒಂದು ತುತ್ತೂ ಅವರ ಮೈಗೆ ಹತ್ತಿಲ್ಲ ಅಂತ ಅಳುವವಳಿಗೆ, ಮತ್ತೆ ಕುದಿಸಿದ ಮ್ಯಾಲೆ ಏನ್ ದೋಷ ಉಳೀತೈತಿ, ಎಂದೇ ಅವ್ವ ಅಂದುಕೊಂಡಿರಬೇಕು, ಪಲ್ಲೆ ಬೇರೆ, ಸಾರು ಬೇರೆ, ಡಾಕ್ಟರು ಸಾರು ಬ್ಯಾಡ ಅಂದಿಲ್ಲ, ಮಗಳೂ ಅಂದಿಲ್ಲ, ಅವ್ವ ಮಾಡಿದ ಆಣೆ ಸುಳ್ಳಲ್ಲ, ಅಪ್ಪ ಬಾಳೆಹಣ್ಣು ಮುಟ್ಟಿಲ್ಲ, ಅಂಗಡಿ ಬಿಟ್ಟು ಮೂಲೆಗೆ ಕೂತ, ಮಾಡದ ತಪ್ಪಿಗೆ, ಪೊಲೀಸ್ ಕೈ ಇಳಿಸಿದ, ಕೈ, ಬಿಳಿಚಿದ ಉಗುರು, ಹೊಡೀರಿ ಕಾಕಾ.

ಇಲ್ಲೇ ನಿಂದರ್ರಿ, ದವಾಖಾನಿಗೆ ಹೋಗೂದದ, ಎಂದು ಆಟೋದವನಿಗೆ ಹೇಳಿ ಮೆಟ್ಟಿಲು ಹತ್ತಿದಳು, ಒಳಗೆ ಬೆಳ್ಳುಳ್ಳಿಯ ಘಮ, ತಾಟು ಖಾಲಿ, ಸಾರಿನ ಬಟ್ಟಲು ಖಾಲಿ, ಅಂಚಿನಲ್ಲಿ ಒಂದು ಕೊತ್ತಂಬರಿ ಎಲೆ ಅಂಟಿಕೊಂಡಿದೆ, ಅವ್ವ ಸೌಟು ಹಿಡಿದೇ ತಿರುಗಿದಳು, ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು, ಫೋನು ನೀನ ಮಾಡಿದ್ದಿ ಏನ, ಒಂದ ಸವನ ಹೊಡಕೊಳ್ಳಾಕತ್ತಿತ್ತು, ನಿಮ್ಮಪ್ಪಾರು ಉಣ್ಣಾಕತ್ತಿದ್ರು, ಇವತ್ತ ಛಲೋ ಉಂಡ್ರು ನೋಡ, ಸಾರು ಮತ್ತ ಮತ್ತ ಹಾಕಿಸ್ಕೊಂಡ್ರು, ನಿನಗೂ ಇಟ್ಟೇನಿ, ಕೈಕಾಲು ತೊಳಕೋ — ಅಪ್ಪ ಮಣೆಯ ಮೇಲಿಂದ ತಲೆ ಎತ್ತಿದ, ಯಾಕ ತಂಗೀ, ಇಷ್ಟ ಲಗೂ ಬಂದಿ, ಗಬ್ಬೂರಿನವರು ಹೊರಗ ಹಾಕಿದ್ರೇನು, ನಗಬೇಕು, ಅಪ್ಪ ನಗಿಸಲು ಹೇಳಿದ್ದು, ಅಪ್ಪಾ ಏಳಬ್ಯಾಡ, ಅನ್ನುವಷ್ಟರಲ್ಲಿ ಅವನು ಬಲಗೈಯನ್ನು ನೆಲಕ್ಕೆ ಊರಿಯಾಗಿತ್ತು, ಮೊಣಕಾಲು ಒಂದಿಷ್ಟು ಮೇಲೆದ್ದಿತು, ಮತ್ತೆ ಕುಸಿಯಿತು, ಕಾಲು ಜೋಮು ಹಿಡದಾವ ನೋಡ, ಅಪ್ಪ ನಾಚಿದವನ ಹಾಗೆ ಅಂದ, ಅವ್ವ ಅಪ್ಪನನ್ನು ನೋಡಲಿಲ್ಲ, ಮಗಳ ಮುಖವನ್ನೇ ನೋಡಿದಳು, ನಗು ಇನ್ನೂ ಅಲ್ಲೇ ಇತ್ತು, ಇಳಿಯುವುದು ಹೇಗೆಂದು ತಿಳಿಯದೆ ಇತ್ತು, ಹೊರಗ ಆಟೋ ಯಾಕ ನಿಂತೈತಿ, ಸುಮಾ, ಖರೇ ಹೇಳ, ನಾ ಏನರ ಮಾಡಬಾರದ್ದು ಮಾಡೇನೇನ, ಇಲ್ಲಬೇ, ಅಂದಳು ಸುಮಲತಾ, ಇಲ್ಲಬೇ, ನೀ ಏನೂ ಮಾಡಿಲ್ಲ, ಹಿಂಗ ಸುಮ್ಮನ ಒಮ್ಮೆ ತೋರಿಸ್ಕೊಂಡು ಬರೂನು, ಅಂದಳು, ಡಾಕ್ಟರಿಗೆ ಹೇಳಬೇಕು, ಅವ್ವನ ಎದುರಿಗೇ ಹೇಳಬೇಕಾಗುತ್ತದೆ, ಏನು ಉಂಡ್ರಿ ಅಂತ ಅವರು ಕೇಳುತ್ತಾರೆ, ಅವ್ವ ಅಲ್ಲೇ ನಿಂತಿರುತ್ತಾಳೆ, ಮೊದಲು ಎಬ್ಬಿಸಬೇಕು, ಬಗ್ಗಿದಳು, ಅಪ್ಪನ ಕಂಕುಳಿಗೆ ಕೈ ಹಾಕಿದಳು, ಆಮೇಲೆ ಎದೆ, ಆಮೇಲೆ ಅಂದಿದ್ದರು, ಆಮೇಲೆ ಅಂದರೆ ಎಷ್ಟು ಹೊತ್ತು, ಏಳು ಅಪ್ಪಾ, ಅವನು ಮತ್ತೊಮ್ಮೆ ಕೈ ಊರಿದ, ಐದೂ ಬೆರಳು, ನೆಲ, ಬಿಳಿಚಿದ ಉಗುರುಗಳು, ಕೈ ಒತ್ತುತ್ತದೆ, ನೆಲ ಅಲ್ಲೇ ಇದೆ, ಅಪ್ಪ ಅಲ್ಲೇ ಇದ್ದಾನೆ, ಕೈ ಒತ್ತುತ್ತದೆ, ಐದೂ ಬೆರಳು, ನೆಲ, ಕೈ —