ರೂಬಿ ಕುಳಿತ ಜಾಗ

ಪಾಲಪ್ಪನಿಗೆ ಐವತ್ನಾಲ್ಕನೇ ವಯಸ್ಸಿನಲ್ಲಿ ಹೊಟ್ಟೆಕಿಚ್ಚು ಹತ್ತಿಕೊಂಡಿತು, ಅದೂ ಒಂದು ನಾಯಿಯ ಸಲುವಾಗಿ. ಹೆಂಡತಿ ಎರ್ರಮ್ಮ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮೂವತ್ ವರ್ಷದಾಗ ನಾ ಯಾರ ಕೂಡ ಮಾತಾಡಿದ್ರೂ ನಿಮಗ ಹೊಟ್ಟಿ ಉರೀಲಿಲ್ಲ. ಈಗ ನಾಯಿ ಸಲುವಾಗಿ ಊಟ ಬಿಟ್ಟೀರಲ್ರೀ!"

ಪಾಲಪ್ಪನಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಸಂಡೂರಿನ ಆಚೆ ಒಂದು ಅದಿರು ಗಣಿಯಲ್ಲಿ ಅವನು ಸೆಕ್ಯುರಿಟಿ ಏಜೆನ್ಸಿಯ ಕೆಲಸಗಾರ. ಬಂಡೆ ಸಿಡಿಸುವ ಮದ್ದನ್ನು ಯಾರೂ ಕದ್ದು ಒಯ್ಯಬಾರದೆಂದು ಏಜೆನ್ಸಿಯವರು ಒಂದು ಲ್ಯಾಬ್ರಡಾರ್ ಮರಿ ತಂದಿದ್ದರು. ಅದಕ್ಕೆ ರೂಬಿ ಎಂದು ಹೆಸರಿಟ್ಟು, ಬಾಟಲಿಯಲ್ಲಿ ಹಾಲು ಕುಡಿಸಿ, ಚಿತ್ತವಾಡ್ಗಿಯಿಂದ ದಿನಾ ಮೊದಲ ಬಸ್ಸಿಗೆ ಬಂದು ಸಾಕಿದವನು ಇವನೇ. ಸಾಕುವವನೊಬ್ಬನೇ ಉಣ್ಣಿಸಬೇಕು, ಬೇರೆಯವರು ಒಂದು ತುತ್ತೂ ಹಾಕಕೂಡದು ಎಂದು ನಿಯಮ ಮಾಡಿದವನೂ ಇವನೇ. ಆಮೇಲೆ ಮೊಣಕಾಲು ಕೈಕೊಟ್ಟಿತು. ಸೂಪರ್‌ವೈಸರ್ ಮನೋಹರ್ ಅವನನ್ನು ಗೇಟಿಗೆ ಹಾಕಿ, ಕಂಪ್ಲಿಯಿಂದ ಗಂಗೋತ್ರಿ ಎಂಬ ಹುಡುಗಿಯನ್ನು ಕರೆಸಿದ. ನಾಯಿ ಕಲಿಸುವುದಕ್ಕೂ ಸರ್ಟಿಫಿಕೇಟ್ ಇರುತ್ತದೆಂದು ಪಾಲಪ್ಪನಿಗೆ ಆಗಲೇ ಗೊತ್ತಾದದ್ದು.

ಅವಳು ಐದು ಡಬ್ಬಿ ಸಾಲಾಗಿ ಇಡುತ್ತಿದ್ದಳು. ಒಂದರಲ್ಲಿ ಮಾತ್ರ ಮದ್ದಿನ ವಾಸನೆ. ರೂಬಿ ಅದನ್ನು ಮೂಸಿ ಸದ್ದಿಲ್ಲದೆ ಕುಳಿತರೆ ಅವಳ ಕೈಯಲ್ಲಿದ್ದ ಪುಟ್ಟ ಯಂತ್ರ ಟಕ್ ಎನ್ನುತ್ತಿತ್ತು, ಹಿಂದೆಯೇ ಬೇಯಿಸಿದ ಮೊಟ್ಟೆಯ ಚೂರು. ಬೊಗಳಿದರೆ, ಕೆರೆದರೆ ಏನೂ ಇಲ್ಲ. ಮದ್ದಿನ ಹತ್ತಿರ ಕೆರೆದಾಡುವ ನಾಯಿ ಯಾರಿಗೆ ಬೇಕು?

"ಸರಪಳಿ ಜಗ್ಗಲಿಲ್ಲ, ಒಂದ್ ಮಾತು ಬೈಯಲಿಲ್ಲ. ಇದ್ಯಾವ ಕಲಿಸೋದು?" ಎಂದು ಪಾಲಪ್ಪ ಗೇಟಿನಿಂದಲೇ ಕೊಂಕು ತೆಗೆದ.

"ಬೈದ್ರ ಏನ್ ಮಾಡಬಾರದು ಅಂತ ಗೊತ್ತಾಗ್ತದ ಅಣ್ಣಾ, ಏನ್ ಮಾಡಬೇಕು ಅಂತ ಗೊತ್ತಾಗಲ್ಲ. ಟಕ್ ಅಂದ್ರ 'ಈಗ ಮಾಡಿದ್ಯಲ್ಲ, ಅದೇ ಸರಿ' ಅಂತ ಅರ್ಥ. ಟಕ್ ಅಂದ ಮ್ಯಾಲ ತಿನಿಸು ಕೊಡಲೇಬೇಕು. ಇಲ್ಲಂದ್ರ ನಮ್ಮನ್ನ ನಂಬಲ್ಲ."

ಹದಿನೈದು ದಿನದಲ್ಲಿ ರೂಬಿ ಅವಳ ಸ್ಕೂಟಿಯ ಸದ್ದಿಗೇ ಬಾಲ ಅಲ್ಲಾಡಿಸತೊಡಗಿತು. ಪಾಲಪ್ಪನ ಎದೆಯಲ್ಲಿ ಹಸಿ ಮೆಣಸಿನಕಾಯಿ ಅರೆದಂತಾಯಿತು. ನಿನ್ನೆ ಮೊನ್ನೆ ಬಂದವಳು, ಎರಡು ಮೊಟ್ಟೆ ತೋರಿಸಿ ನನ್ನ ಕೂಸನ್ನು ಹೊಡೆದುಕೊಂಡಳಲ್ಲ ಎಂದು ಕುದ್ದುಹೋದ. ಮರುದಿನದಿಂದ ಅವನ ಬುತ್ತಿಯಲ್ಲಿ ತುಪ್ಪ ಸವರಿದ ಒಂದು ರೊಟ್ಟಿ ಹೆಚ್ಚಿಗೆ ಬಂತು.

ಸಂಜೆ ಗಂಗೋತ್ರಿ ಹೊರಟ ಮೇಲೆ ಅವನು ನಾಯಿಮನೆಯ ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದ. ರೂಬಿ ಮೊದಲು ಕುಣಿಯಿತು, ಬೊಗಳಿತು. ಯಾರಾದರೂ ಕೇಳಿಸಿಕೊಂಡಾರೆಂದು ಅವನು ರೊಟ್ಟಿ ಹೊರತೆಗೆಯಲಿಲ್ಲ. ಸದ್ದಿಲ್ಲದೆ ಕುಳಿತಾಗ ರೊಟ್ಟಿ ಕೊಟ್ಟ. ಆಮೇಲಾಮೇಲೆ ಅವನನ್ನು ಕಂಡ ಕೂಡಲೇ ಕೂರತೊಡಗಿತು. ಕೆಲವು ದಿನ ಜನ ಓಡಾಡುತ್ತಿದ್ದು ರೊಟ್ಟಿ ಕೊಡಲಾಗುತ್ತಿರಲಿಲ್ಲ. ಅಂಥ ದಿನದ ಮರುದಿನ ಅದು ಇನ್ನೂ ಗಟ್ಟಿಯಾಗಿ ಕೂರುತ್ತಿತ್ತು.

"ಕೊಡದಿದ್ರೂ ಕುಂದರ್ತದ. ಅದಕ್ಕ ನನ್ ಮ್ಯಾಲ ಅಷ್ಟು ಜೀವ," ಎಂದು ಮನೆಯಲ್ಲಿ ಜಂಬ ಕೊಚ್ಚಿದ.

ಪರೀಕ್ಷೆಯ ದಿನ ಗಣಿ ಕಂಪನಿಯ ಅಧಿಕಾರಿ ಬಂದರು. ಎಂಟು ಜನರನ್ನು ಸಾಲಾಗಿ ನಿಲ್ಲಿಸಿದರು. ಅವರಲ್ಲೊಬ್ಬನ ಚೀಲದಲ್ಲಿ ಮದ್ದಿನ ಚೂರು. ಒಬ್ಬ ಕಡಿಮೆ ಬಿದ್ದನೆಂದು ಮನೋಹರ್ ಪಾಲಪ್ಪನನ್ನೂ ಎಳೆದು ನಾಲ್ಕನೆಯವನಾಗಿ ನಿಲ್ಲಿಸಿದ. ರೂಬಿ ಮೂವರನ್ನು ಮೂಸಿ ಬಿಟ್ಟಿತು. ಪಾಲಪ್ಪನ ಮುಂದೆ ಬಂದು, ಸದ್ದಿಲ್ಲದೆ, ಅಚ್ಚುಕಟ್ಟಾಗಿ ಕುಳಿತುಬಿಟ್ಟಿತು.

ಗಾರ್ಡುಗಳು ಅವನ ಜೇಬು, ಬೂಟು, ಬುತ್ತಿ ಎಲ್ಲ ತಡಕಿದರು. ಏನೂ ಸಿಗಲಿಲ್ಲ.

"ಖಾಲಿ ಮನುಷ್ಯನ ಮುಂದ ಕುಂದರೋ ನಾಯಿ ನಮಗ್ಯಾಕ್ರಿ? ವಾಪಸ್ ಕಳಿಸ್ರಿ," ಎಂದರು ಅಧಿಕಾರಿ.

ಗಂಗೋತ್ರಿಯ ಮುಖ ಕಪ್ಪಿಟ್ಟಿತು. ಅದನ್ನು ಕಂಡು ಪಾಲಪ್ಪನಿಗೆ ಒಂದು ಕ್ಷಣ ಖುಷಿಯಾಯಿತು, ಹಾಳಾದ ಖುಷಿ. ಮರುಕ್ಷಣ ಅರ್ಥವಾಯಿತು. ವಾಪಸ್ ಹೋಗುವುದು ಅವಳಲ್ಲ, ರೂಬಿ. ಅದಿನ್ನೂ ಕುಳಿತೇ ಇತ್ತು, ಅವನ ಕೈಯನ್ನೇ ನೋಡುತ್ತ.

"ತಪ್ಪು ನಾಯಿದಲ್ಲ ಸಾಹೇಬ್ರ, ನಂದು," ಎಂದ. ಎಲ್ಲರ ಮುಂದೆ ರೊಟ್ಟಿಯ ವಿಷಯ ಒಪ್ಪಿಕೊಂಡ. ಮನೋಹರ್ ಬಾಯಿಗೆ ಬಂದಂತೆ ಬೈದ. ಗಂಗೋತ್ರಿ ಬೈಯಲಿಲ್ಲ. ಅಧಿಕಾರಿಯ ಹತ್ತಿರ ಮೂರು ವಾರದ ಗಡುವು ಬೇಡಿಕೊಂಡು, ಪಾಲಪ್ಪನ ಕಡೆ ತಿರುಗಿದಳು.

"ನೀವು ಕಲಿಸಿದ್ದನ್ನ ನೀವೇ ಮರೆಸಬೇಕಣ್ಣಾ. ದಿನಾ ಅದರ ಮುಂದ ನಿಲ್ಲಬೇಕು. ಅದು ಕುಂದರ್ತದ, ನೀವು ಮಾರಿ ತಿರುಗಿಸಬೇಕು. ಮೊದಲು ಹಠ ಮಾಡ್ತದ, ಅಳ್ತದ. ಒಂದ್ ದಿನ ಸೋತು ಕೊಟ್ರೋ, ಇನ್ನೂ ಗಟ್ಟಿ ಆಗಿಬಿಡ್ತದ."

"ಅಲ್ಲವ್ವಾ, ಅದು ನನ್ ಮ್ಯಾಲಿನ ಪ್ರೀತಿಗೆ ಕುಂದರ್ತಿತ್ತೋ, ರೊಟ್ಟಿಗೋ?"

"ಅದಕ್ಕ ಅವೆರಡೂ ಬ್ಯಾರೆ ಬ್ಯಾರೆ ಅಂತ ಗೊತ್ತಿಲ್ಲಣ್ಣಾ."

ಮೊದಲ ವಾರ ರೂಬಿ ಕುಳಿತಿತು, ಬೊಗಳಿತು, ಕಾಲು ಚಾಚಿ ಅವನ ಪ್ಯಾಂಟು ಕೆರೆಯಿತು. ಎರಡನೇ ವಾರ ಒಂದು ದಿನ ಅವನ ನೋಯುವ ಮೊಣಕಾಲಿಗೆ ತಲೆ ಆನಿಸಿ ಕುಂಯ್‌ಗುಟ್ಟಿತು. ಪಾಲಪ್ಪ ಗುಡ್ಡದ ಕಡೆ ನೋಡುತ್ತ ಹಲ್ಲು ಕಚ್ಚಿ ನಿಂತ. ಆ ದಿನ ಬಸ್ಸಿನಲ್ಲಿ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಊರಿಗೆ ಹೋದ.

ಮೂರು ವಾರ ಕಳೆದ ಮೇಲೆ ಮತ್ತೆ ಎಂಟು ಜನ ಸಾಲಾಗಿ ನಿಂತರು. ರೂಬಿ ಪಾಲಪ್ಪನ ಮುಂದೆ ಬಂತು, ಒಮ್ಮೆ ಮೂಸಿತು, ಮುಂದೆ ಹೋಯಿತು. ಆರನೆಯವನ ಚೀಲದ ಮುಂದೆ ಕುಳಿತಿತು. ಟಕ್ ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಪಾಲಪ್ಪನೂ ತಟ್ಟಿದ. ಹೊಟ್ಟೆಕಿಚ್ಚು ಆರಿತ್ತೆಂದರೆ ಸುಳ್ಳು, ಧಗಧಗ ಉರಿಯುತ್ತಿತ್ತು. ಆದರೂ ರೂಬಿ ಅವಳ ಕೈಯಿಂದ ಮೊಟ್ಟೆ ತಿಂದು ಮುಗಿಸುವವರೆಗೆ ಅವನು ಈ ಸಲ ಮುಖ ತಿರುಗಿಸಲಿಲ್ಲ.