ಕ್ಲಚ್ಚಿನ ಕಾಲು

ಏಳೂಕಾಲಿಗೆ ಸರಿಯಾಗಿ ಧರ್ಮಪುರದ ಬಸ್ಸು ಹಾರ್ನ್ ಹೊಡೆಯಿತು. ಜಗಲಿಯ ಮೇಲೆ ಎಡಗಾಲು ನೀಡಿಕೊಂಡು ಕೂತಿದ್ದ ಬೋರಯ್ಯನಿಗೆ ಮೈಯೆಲ್ಲ ಉರಿಯಿತು. ಅದು ಅವನ ಬಸ್ಸು. ಕಾಗದದ ಮೇಲೆ ಹಿರಿಯೂರಿನ ಸಾವ್ಕಾರರದ್ದು, ನಿಜ. ಆದರೆ ಹನ್ನೊಂದು ವರ್ಷ ಅದರ ಸ್ಟೇರಿಂಗ್ ಹಿಡಿದವನು ಬೋರಯ್ಯ. ಈಗ ಪಂಚಾಕ್ಷರಪ್ಪ ಎಂಬ ಹೊಸಬ ಅದನ್ನು ಓಡಿಸುತ್ತಿದ್ದ. ಓಡಿಸುತ್ತಿದ್ದ ಅನ್ನುವುದಕ್ಕಿಂತ ಅದರ ಗೋಳು ಹುಯ್ದುಕೊಳ್ಳುತ್ತಿದ್ದ ಅನ್ನಬೇಕು. ಎರಡನೇ ಗೇರು ಹಾಕುವಾಗ ಬರುವ ಕರಕರ ಸದ್ದಿಗೆ ಬೋರಯ್ಯನ ಹಲ್ಲು ಜುಮ್ಮೆನ್ನುತ್ತಿತ್ತು.

"ಕ್ಲಚ್ ಪೂರ್ತಿ ಒತ್ತಲ್ಲ ಕಣೇ ಅವ್ನು," ಎಂದ.

"ನೀವು ನಿಮ್ ಕಾಲು ನೋಡ್ಕಳ್ರಿ," ಎಂದಳು ಹೆಂಡತಿ ರಂಗಕ್ಕ. ಅವಳು ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದಳು.

ಕಾಲು ಕೆಟ್ಟದ್ದು ಅವಸರದಿಂದ. ಯುಗಾದಿಯ ಹಿಂದಿನ ವಾರ ಹಮಾಲಿ ಬಂದಿರಲಿಲ್ಲ. ತಡವಾಗುತ್ತದೆಂದು ಬೋರಯ್ಯ ತಾನೇ ಬಸ್ಸಿನ ಟಾಪು ಹತ್ತಿ ಮೂಟೆಗಳನ್ನು ಕೆಳಕ್ಕೆ ತಳ್ಳಿದ. ಏಣಿಯಲ್ಲಿ ಇಳಿಯುವಷ್ಟು ತಾಳ್ಮೆ ಅವನಿಗೆ ಹುಟ್ಟಿದಾಗಿನಿಂದ ಇರಲಿಲ್ಲ. ಮೇಲಿನಿಂದಲೇ ಧುಮುಕಿದ, ಮೊಣಕಾಲು ತಿರುಚಿತು. ದಾವಣಗೆರೆಯ ಡಾಕ್ಟರು ಕೀಲಿನೊಳಗಿನ ಮೆತ್ತೆ ಹರಿದಿದೆ, ಕುಯ್ದು ತೆಗೆಯಬೇಕು ಎಂದರು. ಆಮೇಲೆ ಬಸ್ಸು ಓಡಿಸಬಹುದಾ ಎಂದು ಕೇಳಿದ್ದಕ್ಕೆ "ನೋಡೋಣ" ಎಂದರು. ಆ ನೋಡೋಣ ಅನ್ನುವ ಮಾತಿಗೆ ಹೆದರಿ ಬೋರಯ್ಯ ವಾಪಸು ಬರುವ ದಾರಿಯಲ್ಲಿ ಚಿತ್ರದುರ್ಗದಲ್ಲಿ ಇಳಿದ. ದುರ್ಗದ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಕಮಲಮ್ಮ ಮಾತ್ರ ಕಾಲನ್ನು ಮಡಿಸಿ, ಚಾಚಿ ನೋಡಿ, "ಕುಯ್ಸಕ್ಕೆ ಯಾವಾಗ ಬೇಕಾದ್ರೂ ಆಗ್ತೈತೆ. ಮೊದ್ಲು ಎರಡು ತಿಂಗ್ಳು ನಾ ಹೇಳ್ದಂಗೆ ಕೇಳ್ರಿ," ಎಂದಿದ್ದರು. ಸಾವ್ಕಾರರು ಗೌರಿ ಹಬ್ಬದವರೆಗೆ ಕಾಯುತ್ತೇನೆ ಎಂದಿದ್ದರು. ಅಷ್ಟರಲ್ಲಿ ಕಾಲು ಸರಿಯಾಗದಿದ್ದರೆ ಬಸ್ಸು ಪಂಚಾಕ್ಷರಪ್ಪನ ಪಾಲು.

ಕಮಲಮ್ಮ ಹೇಳಿದ್ದು ಇಷ್ಟೇ. ಕಾಲಿನ ಗಿಣ್ಣಿಗೆ ಎರಡು ಬೊಗಸೆ ಮರಳಿನ ಚೀಲ ಕಟ್ಟಿಕೊಂಡು, ಕಾಲು ನೇರಕ್ಕೆ ಎತ್ತಿ, ಹತ್ತು ಎಣಿಸಿ, ಮೆಲ್ಲಗೆ ಇಳಿಸಬೇಕು. ಬೆಳಿಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ. ಇಂಜೆಕ್ಷನ್ ಇಲ್ಲ, ಮಾತ್ರೆ ಇಲ್ಲ, ಪಟ್ಟಿ ಇಲ್ಲ. ನೋಡಲು ಬಂದವರೆಲ್ಲ ಇದೆಂಥ ಔಷಧ ಎಂದು ನಕ್ಕು ಎದ್ದು ಹೋಗುತ್ತಿದ್ದರು.

ಅದು ಎಪ್ಪತ್ತಾರರ ಬೇಸಿಗೆ, ತುರ್ತು ಪರಿಸ್ಥಿತಿ. ಬಸ್ಸುಗಳ ಹಿಂದೆಲ್ಲ ಮಾತು ಕಡಿಮೆ, ದುಡಿಮೆ ಹೆಚ್ಚು ಎಂದು ಬರೆಸಿದ್ದ ಕಾಲ. ಬೋರಯ್ಯನಿಗೆ ಯಾರೂ ಬರೆದು ತೋರಿಸಬೇಕಾಗಿರಲಿಲ್ಲ. ನಲವತ್ತು ಸೀಟಿನ ಬಸ್ಸಿಗೆ ತೊಂಬತ್ತು ಜನರನ್ನು ತುಂಬಿಕೊಂಡು ಹಿರಿಯೂರು ಮುಟ್ಟಿಸಿದವನು ಅವನು. ಹೆಚ್ಚು ಹೇರಿದರೆ ಕೆಲಸ ಬೇಗ ಮುಗಿಯುತ್ತದೆ, ಮೊಣಕಾಲಿಗೂ ಅದೇ ನ್ಯಾಯ ಎಂದುಕೊಂಡ. ಎರಡನೇ ವಾರಕ್ಕೆ ಇಪ್ಪತ್ತು ಹೋಗಿ ನೂರಾಯಿತು. ಚೀಲಕ್ಕೆ ದಿನಕ್ಕೊಂದು ಹಿಡಿ ಮರಳು ಸೇರಿತು. ಹತ್ತು ಎಣಿಸುವಲ್ಲಿ ನಾಲ್ಕಕ್ಕೇ ಕಾಲು ಕೆಳಗೆ ಬೀಳುತ್ತಿತ್ತು. ಐದನೇ ವಾರ ಮೊಣಕಾಲು ಕುಂಬಳಕಾಯಿಯ ಹಾಗೆ ಊದಿಕೊಂಡಿತು.

ರಂಗಕ್ಕ ಚೀಲ ಬಿಚ್ಚಿ ಎತ್ತಿ ನೋಡಿದಳು. ಸಿಟ್ಟಿಗೆ ಅವಳ ಕಣ್ಣಲ್ಲಿ ನೀರು ಬಂತು. "ಆಯಮ್ಮ ಹೇಳಿದ್ದೇನು, ನೀವು ಮಾಡಿದ್ದೇನು? ಸಾಕು. ಬರೋ ಸೋಮವಾರ ದಾವಣಗೆರೆಗೆ ಹೋಗಾಣ. ಕುಯ್ಸ್ಕಂಡೇ ಬರಾಣ."

ಬೋರಯ್ಯ ತಕ್ಷಣ ಹೂಂ ಎಂದ. ಅವನಿಗೆ ಕತ್ತಿಯ ಭಯಕ್ಕಿಂತ ಕೂತು ಎಣಿಸುವ ಭಯವೇ ದೊಡ್ಡದಾಗಿತ್ತು. ಕುಯ್ದರೆ ಒಂದು ದಿನದಲ್ಲಿ ಆ ಕಡೆಯೋ ಈ ಕಡೆಯೋ ಆಗಿಬಿಡುತ್ತದೆ.

ಚೀಲ ಬಿಟ್ಟು ಒದ್ದೆ ಬಟ್ಟೆ ಕಟ್ಟಿದ್ದರಿಂದ ಸೋಮವಾರದ ಹೊತ್ತಿಗೆ ಊತ ಸಾಕಷ್ಟು ಇಳಿದಿತ್ತು. ಗಂಡ ಹೆಂಡತಿ ಏಳೂಕಾಲಿನ ಬಸ್ಸು ಹತ್ತಿದರು.

"ಬರ್ರಿ ಬೋರಣ್ಣ, ಮುಂದೆ ಕುಂತ್ಕಳ್ರಿ," ಎಂದು ಪಂಚಾಕ್ಷರಪ್ಪ ತಾನೇ ಜಾಗ ಮಾಡಿಸಿಕೊಟ್ಟ. ಅವನ ಒಳ್ಳೆಯತನ ಬೋರಯ್ಯನಿಗೆ ಇನ್ನಷ್ಟು ಹಿಂಸೆಯಾಯಿತು. ದಾರಿಯುದ್ದಕ್ಕೂ ರಸ್ತೆಯನ್ನೇ ನೋಡುತ್ತ ಕೂತ. ಎತ್ತಿನ ಗಾಡಿ ಅಡ್ಡ ಬಂದಾಗ, ಹಳ್ಳ ಇಳಿದು ಏರುವಾಗ, ಪ್ರತಿ ಸ್ಟಾಪಿನಲ್ಲೂ ಮುಂದಿನ ಕಂಬಿಯನ್ನು ಸ್ಟೇರಿಂಗಿನ ಹಾಗೆ ಹಿಡಿದುಕೊಳ್ಳುತ್ತಿದ್ದ.

ಹಿರಿಯೂರಿನಲ್ಲಿ ದಾವಣಗೆರೆಯ ಬಸ್ಸಿಗೆ ಹತ್ತಿ ಕೂತ ಮೇಲೆ ರಂಗಕ್ಕ ಮೆಲ್ಲಗೆ ಕೇಳಿದಳು. "ಕಾಲು ನೋಯಲ್ವೇನ್ರಿ ನಿಮ್ಗೆ?"

"ಯಾಕೆ?"

"ಊರಿಂದ ಇಲ್ಲಿವರ್ಗೂ ಅವ್ನು ಗೇರ್ ಹಾಕ್ದಾಗೆಲ್ಲ ನೀವೂ ಎಡಗಾಲಾಗೆ ನೆಲ ಒತ್ತಿ ಒತ್ತಿ ಬಿಟ್ರಿ. ನಾ ನೋಡ್ತಾನೇ ಇದ್ದೆ."

ಬೋರಯ್ಯ ತನ್ನ ಕಾಲನ್ನು ನೋಡಿಕೊಂಡ. ಬಸ್ಸು ಹೊರಟಿತು. ಡ್ರೈವರ್ ಗೇರಿಗೆ ಕೈ ಹಾಕುವ ಮುಂಚೆಯೇ ಇವನ ಎಡಗಾಲು ಚಾಚಿತು, ಹಗುರವಾಗಿ ಒತ್ತಿತು, ಮೆಲ್ಲಗೆ ಹಿಂದೆ ಬಂತು. ನೋವಿಲ್ಲ. ಬೇಕೆಂದೇ ಮುಂದಿನ ಕಂಬಿಗೆ ಜೋರಾಗಿ ಒದ್ದು ನೋಡಿದ. ಚುಳ್ಳೆಂದಿತು. ಕಾಲು ಕೆಲಸಕ್ಕೆ ಹಿಂದೇಟು ಹಾಕಿರಲಿಲ್ಲ. ತಾನು ಹೇರಿದ್ದಕ್ಕೆ ಮುನಿದಿತ್ತು. ಇಷ್ಟು ವಾರ ನನ್ನ ಕಾಲನ್ನು ನಾನೇ ಹಾಳು ಮಾಡಿಕೊಂಡೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ದುರ್ಗದಲ್ಲಿ ಬಸ್ಸು ನಿಂತಾಗ ಕೈಚೀಲ ತೆಗೆದುಕೊಂಡು ಎದ್ದ.

"ದಾವಣಗೆರೆಗೆ ಟಿಕೀಟು ತಗಂಡೈತಲ್ರಿ," ಎಂದಳು ರಂಗಕ್ಕ.

"ಇರ್ಲಿ ಬಾ. ಇಲ್ಲಿ ಬೈಸ್ಕಳಾದೈತೆ."

ಕಮಲಮ್ಮ ಚೆನ್ನಾಗಿಯೇ ಬೈದರು. "ನೂರು ಮಾಡು ಅಂತ ಯಾರ್ ಹೇಳಿದ್ರು ನಿಮ್ಗೆ? ಇಪ್ಪತ್ತು ಅಂದ್ರೆ ಇಪ್ಪತ್ತು. ಇಪ್ಪತ್ತೊಂದು ಮಾಡಿದ್ರೆ ಸೀದಾ ದಾವಣಗೆರೆಗೆ ಹೋಗ್ರಿ." ಬೋರಯ್ಯ ಶಾಲೆಯ ಹುಡುಗನಂತೆ ತಲೆ ಬಗ್ಗಿಸಿ ನಿಂತ.

ಆಮೇಲಿನ ಮೂರು ತಿಂಗಳು ಅವನ ಬದುಕಿನಲ್ಲೇ ಕಷ್ಟದವು. ಹಾರ್ನ್ ಕೇಳುತ್ತಿತ್ತು, ಗೇರು ಕರಕರ ಎನ್ನುತ್ತಿತ್ತು, ಅವನು ಹಲ್ಲು ಕಚ್ಚಿಕೊಂಡು ಒಂದರಿಂದ ಹತ್ತು ಎಣಿಸುತ್ತಿದ್ದ. ಇಪ್ಪತ್ತಾದ ಕೂಡಲೇ ರಂಗಕ್ಕ ಚೀಲ ಬಿಚ್ಚಿಕೊಂಡು ಒಳಗೆ ಹೋಗುತ್ತಿದ್ದಳು.

ಗೌರಿ ಹಬ್ಬದ ಹಿಂದಿನ ದಿನ ಸಾವ್ಕಾರರು ಬೋರಯ್ಯನ ಪಕ್ಕದಲ್ಲಿ ಕೂತು, ಏರಿನ ಮೇಲೆ ಮೂರು ಸಲ ಅವನಿಂದ ಬಸ್ಸು ನಿಲ್ಲಿಸಿ ಮತ್ತೆ ಹೊರಡಿಸಿದರು. ಇಳಿಯುವಾಗ "ನಾಳೆಯಿಂದ ಬಾ" ಎಂದರು.

ಹಬ್ಬದ ಬೆಳಿಗ್ಗೆ ಧರ್ಮಪುರದ ಸ್ಟಾಪಿನಲ್ಲಿ ಜಾತ್ರೆಯಷ್ಟು ಜನ ಕಾದಿದ್ದರು. ನಲವತ್ತು ಜನ ಹತ್ತಿದ ಮೇಲೆ ಬೋರಯ್ಯ ಕಂಡಕ್ಟರನಿಗೆ ಬಾಗಿಲು ಹಾಕಲು ಹೇಳಿದ.

"ಏನಪ್ಪ ಬೋರಯ್ಯ, ನಿಂತ್ಕಂಡು ಬರ್ತೀವಿ ಕಣೋ," ಎಂದು ಹೊರಗಿನವರು ಕೂಗಿಕೊಂಡರು.

"ಹಿಂದ್ಗಡೆ ಇನ್ನೊಂದು ಬಸ್ಸು ಐತೆ, ಅದ್ರಾಗೆ ಬರ್ರಿ," ಎಂದ. ಕ್ಲಚ್ ಪೂರ್ತಿ ಒತ್ತಿದ. ಎರಡನೇ ಗೇರು ಸದ್ದಿಲ್ಲದೆ ಬಿತ್ತು.