ನಾಲ್ಕನೇ ಮಡಿಲಕ್ಕಿ

ಹೆಣ್ಣುಮಗಳು ಗಂಡನ ಮನೆಗೆ ಹೋಗಿ ನೆಲೆ ನಿಲ್ಲಲಿ ಎಂದು ತವರಿನಲ್ಲಿ ಮಡಿಲು ತುಂಬುತ್ತಾರೆ. ಹೋಗಿ ತಿಂಗಳೊಪ್ಪತ್ತಿಗೆ ಅದೇ ಸೂಟ್‌ಕೇಸ್ ಎಳೆದುಕೊಂಡು ತಿರುಗಿ ಬರುವವಳಿಗೆ ಎಷ್ಟು ಸಲ ತುಂಬಬೇಕು ಎಂಬುದನ್ನು ಹಿರಿಯರು ಯಾರೂ ಹೇಳಿಹೋಗಿಲ್ಲ. ಸುಚಿತ್ರಾಳ ಸೆರಗಿಗೆ ಅಕ್ಕಿ ಬೀಳುತ್ತಿದ್ದುದು ಇದು ನಾಲ್ಕನೇ ಸಲ. ಮೊದಲ ಸಲ ಹೊಳಲ್ಕೆರೆಯ ಆ ಬೀದಿಯ ಹೆಂಗಸರೆಲ್ಲ ನಡುಮನೆಯಲ್ಲಿ ಕಿಕ್ಕಿರಿದಿದ್ದರು. ಈ ಸಲ ಬಂದವಳು ಪಕ್ಕದ ಮನೆಯ ಕೊಟ್ರಮ್ಮ ಒಬ್ಬಳೇ, ಅವಳೂ ಒಲೆಯ ಮೇಲೆ ಸಾರಿಟ್ಟು ಬಂದವಳು.

ತಾಯಿ ಏಕಾಂತಮ್ಮ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳು ಅರಿಶಿನ ಕುಂಕುಮದ ಕೆಲಸಕ್ಕೆ ಕೈ ಹಾಕಿದವಳಲ್ಲ. ಯಾರೂ ತಡೆದಿರಲಿಲ್ಲ. ಮಗಳಂತೂ ಈ ವಿಷಯಕ್ಕೆ ಎಷ್ಟೋ ಸಲ ಜಗಳ ಆಡಿದ್ದಳು. ಆದರೆ ಮಗಳ ಬದುಕಿನ ಮೇಲೆ ತನ್ನ ಕೈಯ ನೆರಳು ಬೀಳಬಾರದು ಎಂದು ಆ ತಾಯಿ ತಾನೇ ದೂರ ನಿಂತುಬಿಟ್ಟಿದ್ದಳು.

“ಈ ಸಲನಾದ್ರೂ ಅಲ್ಲೇ ನಿಲ್ತೀಯೇನವ್ವ?” ಎಂದು ಕೊಟ್ರಮ್ಮ ಕೇಳಿದಳು. ಸುಚಿತ್ರಾ ನಕ್ಕಳು. ಆ ನಗು ಅವಳಿಗೆ ರೂಢಿಯಾಗಿ ಹೋಗಿತ್ತು.

ಅವಳ ಗಂಡ ವಿನೋದ್ ಹಿರಿಯೂರಿನವನು, ನರ್ಸಿಂಗ್ ಓದಿದವನು. ಮದುವೆಯಾದ ವರ್ಷವೇ ಇಂಗ್ಲೆಂಡಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಆ ಕೆಲಸಕ್ಕೆ ಹೊಸದಾಗಿ ಬರುವವರು ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ ಎಂಬ ನಿಯಮ ಅವನಿಗಿಂತ ಮೊದಲೇ ಬಂದು ಅಲ್ಲಿ ಕೂತಿತ್ತು. ಅಲ್ಲಿಯ ಮುದುಕ ಮುದುಕಿಯರ ಮೈ ತೊಳೆಯಲು ಅವನು ಬೇಕು, ಅವನ ಹೆಂಡತಿ ಮಾತ್ರ ಬೇಡ. ಉಳಿದದ್ದು ಒಂದೇ ದಾರಿ. ಸುಚಿತ್ರಾ ವಿಸಿಟರ್ ವೀಸಾ ಹಿಡಿದು ಹೋಗಬೇಕು, ಕಟ್ಟಿಕೊಂಡ ಗಂಡನ ಮನೆಯಲ್ಲಿ ನೆಂಟರ ಹಾಗೆ ಇದ್ದು ಬರಬೇಕು. ವಾಪಸ್ ಹೋಗೇ ಹೋಗುತ್ತಾಳೆ ಎಂದು ವೀಸಾ ಕೊಡುವವರಿಗೆ ನಂಬಿಕೆ ಬರಲಿ ಎಂದು ಚಿತ್ರದುರ್ಗದ ಲ್ಯಾಬಿನ ಕೆಲಸವನ್ನು ಅವಳು ಬಿಡದೆ ಹಿಡಿದುಕೊಂಡಿದ್ದಳು. ಪ್ರತಿ ಸಲ ರಜೆ ಕೇಳುವಾಗಲೂ ಮಾಲೀಕರ ಮುಖ ಗಂಟಿಕ್ಕುತ್ತಿತ್ತು.

ಹೊರಡುವ ಮುಂಚೆ ವಿನೋದ್ ಫೋನಿನಲ್ಲಿ ಅಲ್ಲಿಯ ಏರ್‌ಪೋರ್ಟ್ ಅಧಿಕಾರಿಯ ಪಾತ್ರ ವಹಿಸಿ ಪ್ರಶ್ನೆ ಕೇಳುತ್ತಿದ್ದ. ಮೊದಮೊದಲು ಅದೊಂದು ಆಟ. ಯಾಕೆ ಬಂದಿದ್ದೀರಿ ಎಂದು ಅವನು ಗತ್ತಿನಿಂದ ಕೇಳಿದರೆ, ನೀವು ಮಾಡುವ ಉಪ್ಪಿಟ್ಟು ತಿಂದು ಸಾಯುವುದಕ್ಕೆ ಎನ್ನುತ್ತಿದ್ದಳು. ಆದರೆ ಕಳೆದ ಸಲ ಏರ್‌ಪೋರ್ಟಿನಲ್ಲಿ ಒಬ್ಬ ಅಧಿಕಾರಿ ಪಾಸ್‌ಪೋರ್ಟ್ ತಿರುವಿ ಹಾಕಿ, ಭೇಟಿಯ ನೆಪದಲ್ಲಿ ನೀವು ಇಲ್ಲೇ ಸಂಸಾರ ಮಾಡುತ್ತಿರುವ ಹಾಗೆ ಕಾಣುತ್ತದೆ ಎಂದು ಎಚ್ಚರಿಸಿ ಬಿಟ್ಟಿದ್ದ. ಅಂದಿನಿಂದ ಆಟದಲ್ಲಿ ನಗು ನಿಂತಿತು.

“ಕೇಳಿದ್ದಕ್ಕಷ್ಟೇ ಉತ್ತರ ಕೊಡು ಸುಚಿ. ಮನೆ ಅನ್ನೋ ಮಾತೇ ಎತ್ತಬ್ಯಾಡ. ಈ ಸಲ ಎಡವಿದ್ರೆ ಮುಗೀತು” ಎಂದಿದ್ದ ವಿನೋದ್.

ಇದೆಲ್ಲವನ್ನೂ ಅವಳು ತಾಯಿಗೆ ವಿವರಿಸಿ ಹೇಳಿದ್ದುಂಟು. ಏಕಾಂತಮ್ಮ ಕಿವಿಗೊಟ್ಟು ಕೇಳಿದ್ದಳು. ಎಲ್ಲ ಕೇಳಿದ ಮೇಲೆ, ಆ ಮನೆಗೆ ಕಾಲಿಟ್ಟಾಗ ಹಾಲು ಉಕ್ಕಿಸಿದಿರೋ ಇಲ್ಲವೋ ಎಂದು ಕೇಳಿದ್ದಳು. ಬಾಡಿಗೆಯ ಒಂದು ಕೋಣೆ, ಅದಕ್ಕೆಲ್ಲಿಯ ಹಾಲು ಎಂದು ಸುಚಿತ್ರಾ ಅಂದಳು. ಅದಾದ ಮೇಲೆ ಏಕಾಂತಮ್ಮ ಒಂದು ದಿನ ಏನೋ ಕೆಲಸವಿದೆ ಎಂದು ಚಿತ್ರದುರ್ಗಕ್ಕೆ ಹೋಗಿ ಬಂದಿದ್ದಳು.

ಹೊರಡುವ ದಿನ ಸೂಟ್‌ಕೇಸ್ ಕೊಂಚ ಹೆಚ್ಚೇ ಭಾರವೆನಿಸಿತು. ಅಮ್ಮ ಚಟ್ನಿಪುಡಿ ಜಾಸ್ತಿ ಸೇರಿಸಿರಬೇಕು ಎಂದುಕೊಂಡು ಸುಚಿತ್ರಾ ಬಸ್ ಹತ್ತಿದಳು.

ಇಂಗ್ಲೆಂಡಿನ ಏರ್‌ಪೋರ್ಟಿನಲ್ಲಿ ಅದನ್ನು ತಪಾಸಣೆಗೆ ತೆರೆದವಳು ಒಬ್ಬ ಎಳೆಯ ಹುಡುಗಿ, ಮೆಲುದನಿಯವಳು. ಬಟ್ಟೆ ತೆಗೆದಳು, ಮಡಿಲಕ್ಕಿಯ ಗಂಟು ತೆಗೆದಳು. ಅದರ ಕೆಳಗೆ ಏಕಾಂತಮ್ಮನ ಹಳೇ ಸೀರೆಯಲ್ಲಿ ಸುತ್ತಿದ್ದ, ಸುಚಿತ್ರಾ ಇಟ್ಟೇ ಇರದ ಒಂದು ಗಂಟು. ಬಿಚ್ಚಿದರೆ ಹೊಚ್ಚಹೊಸ ಸ್ಟೀಲಿನ ಹಾಲಿನ ಪಾತ್ರೆ, ಜೋಡಿ ಹಿತ್ತಾಳೆ ದೀಪ, ಬಾಗಿಲಿಗೆ ಕಟ್ಟುವ ತೋರಣ.

ನಮ್ಮ ಕಡೆ ಪಾತ್ರೆಗೆ ಹೆಸರು ಹಾಕಿಸದೆ ಅಂಗಡಿಯಿಂದ ಹೊರಗೆ ತರುವವರಿಲ್ಲ. ಮದುವೆ ಮುಂಜಿಗೆ ನಾಲ್ಕು ಮನೆ ತಿರುಗಿ ಬರುವ ಸಾಮಾನು, ಯಾರದ್ದೆಂದು ತಿಳಿಯಬೇಕಲ್ಲ. ಆ ಪಾತ್ರೆಯ ಹೊಟ್ಟೆಯ ಮೇಲೂ ಚುಕ್ಕಿ ಚುಕ್ಕಿಯಾಗಿ ಕನ್ನಡದಲ್ಲಿ ಹೆಸರು ಹಾಕಿಸಲಾಗಿತ್ತು. ಹುಡುಗಿ ಅದರ ಮೇಲೆ ಬೆರಳಾಡಿಸಿ ಏನೋ ಕೇಳಿದಳು. ಕನ್ನಡ ಬಲ್ಲ ದುಭಾಷಿಯೊಬ್ಬ ಫೋನಿನಲ್ಲಿದ್ದ.

“ಅದರ ಮೇಲೆ ಏನು ಬರೆದಿದೆ ಅಂತ ಓದಬೇಕಂತೆ, ಮೇಡಂ” ಎಂದ ಅವನು.

ಏನು ಬೇಕಾದರೂ ಹೇಳಬಹುದಿತ್ತು. ಅಂಗಡಿಯ ಹೆಸರು ಎನ್ನಬಹುದಿತ್ತು, ದೇವರ ಹೆಸರು ಎನ್ನಬಹುದಿತ್ತು. ದುಭಾಷಿಗೆ ಪಾತ್ರೆ ಕಾಣುತ್ತಿರಲಿಲ್ಲ, ಹುಡುಗಿಗೆ ಅಕ್ಷರ ಬರುತ್ತಿರಲಿಲ್ಲ. ವಿನೋದ್ ಹೇಳಿಕೊಟ್ಟ ಉತ್ತರಗಳೆಲ್ಲ ನಾಲಗೆಯ ತುದಿಯಲ್ಲೇ ಇದ್ದವು. ಆದರೆ ಅಮ್ಮ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋಗಿ, ಪಾತ್ರೆ ಅಂಗಡಿಯವನ ಎದುರು ನಿಂತು, ಒಂದೊಂದೇ ಮಾತು ಹೇಳಿ ಬರೆಸಿದ್ದು ಅವಳ ಕಣ್ಣಿಗೆ ಕಟ್ಟಿದಂತಾಯಿತು. ಅದನ್ನು ಬೇರೆ ಏನೋ ಎಂದು ಓದಲು ಅವಳಿಗೆ ಬಾಯೇ ಬರಲಿಲ್ಲ.

“ಸುಚಿತ್ರಾ ವಿನೋದ್ ಇವರ ಹೊಸ ಮನೆಗೆ, ಅಮ್ಮ” ಎಂದು ಓದಿದಳು.

ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಹುಡುಗಿ ಪಾತ್ರೆಯನ್ನು ಜೋಪಾನವಾಗಿ ಮತ್ತೆ ಸೀರೆಯಲ್ಲಿ ಸುತ್ತಿಟ್ಟಳು. ಇವರು ನೋಡಿಹೋಗಲು ಬಂದವರಲ್ಲ, ನೆಲೆಸಲು ಬಂದವರು ಎಂದು ತೀರ್ಮಾನವಾಗುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ವೀಸಾ ರದ್ದಾಯಿತು. ಮುಂದೆ ಅರ್ಜಿ ಹಾಕಿದರೂ ಈ ಸಂಗತಿ ಎದ್ದು ಕಾಣುತ್ತದೆ ಎಂದು ತಿಳಿಸಿ ಹೇಳಿದರು.

ಗೋಡೆಯ ಆಚೆ ವಿನೋದ್ ಅವಳಿಗೆಂದು ತಂದ ಸ್ವೆಟರ್ ಹಿಡಿದು ಕಾಯುತ್ತಿದ್ದ. ಅವನಿಗೆ ಫೋನ್ ಮಾಡಲು ಬಿಟ್ಟರು, ನೋಡಲು ಬಿಡಲಿಲ್ಲ. ಓದಿದ್ದೇನು ಎಂಬುದನ್ನು ಅವನಿಗೆ ಹೇಳಿದಳು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಸರಿ ಎಂದ, ಏನಾದರೂ ತಿನ್ನು ಎಂದ, ಆಮೇಲೆ ಡ್ಯೂಟಿಗೆ ಹೊತ್ತಾಯಿತು ಎಂದು ಫೋನ್ ಇಟ್ಟ.

ಹೊಳಲ್ಕೆರೆಯಲ್ಲಿ ಬಸ್ ಇಳಿದಾಗ ಮಧ್ಯಾಹ್ನ. ಗಂಡನ ಮನೆಯಲ್ಲಿ ಬೇಯಬೇಕಾದ ಮಡಿಲಕ್ಕಿ ತಿರುಗಿ ತವರಿನ ಹೊಸ್ತಿಲು ದಾಟಿ ಒಳಬರಬಾರದು. ಸುಚಿತ್ರಾ ಅಕ್ಕಿಯ ಗಂಟನ್ನು ಜಗಲಿಯ ಮೇಲಿಟ್ಟು, ಸೂಟ್‌ಕೇಸಿನ ಪಕ್ಕ ತಾನೂ ಕೂತಳು.

ಏಕಾಂತಮ್ಮ ಹೊರಗೆ ಬಂದಳು. ಮಗಳ ಮುಖ ನೋಡಿದಳು, ಅಕ್ಕಿ ನೋಡಿದಳು. ಏನೂ ಕೇಳದೆ ಸೂಟ್‌ಕೇಸ್ ತೆರೆದು ಸೀರೆಯ ಗಂಟು ಬಿಚ್ಚಿ, ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

“ಕೊಟ್ರಮ್ಮನ ಕೈಲೇ ಇಡಿಸ್ಬೇಕಾಗಿತ್ತು. ತಡ್ಕಳಾಕೆ ಆಗ್ದೆ ನಾನೇ ಇಟ್ಟುಬಿಟ್ಟೆ. ಗಂಡ ಸತ್ತೋಳು ಮುಟ್ಟಿದ್ದಕ್ಕೇ ಹಿಂಗಾತು, ಅಲ್ವೇನೆ?” ಎಂದಳು.

ಅಲ್ಲ ಎಂದರೆ ಮತ್ಯಾಕೆ ಎಂದು ಕೇಳುತ್ತಾಳೆ. ಅದಕ್ಕೆ ಉತ್ತರ ಅಮ್ಮನ ತೊಡೆಯ ಮೇಲೇ ಇತ್ತು. ಅಲ್ಲಿ ಹೊರಡದ ಸುಳ್ಳು ಸುಚಿತ್ರಾಳಿಗೆ ಇಲ್ಲಿ ಸಲೀಸಾಗಿ ಹೊರಟಿತು.

“ನಿನ್ನ ಕೈಗೇನಾಗೈತಮ್ಮ? ನಾನೇ ಗಾಬರಿಯಾಗಿ ತಪ್ಪು ಉತ್ತರ ಕೊಟ್ಟೆ. ಈ ಪಾತ್ರೆನ ಅವ್ರು ನೋಡ್ಲೂ ಇಲ್ಲ.”

ಏಕಾಂತಮ್ಮ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಅವಳ ಮುಖಕ್ಕೆ ಕಳೆ ಬಂದಂತಾಯಿತು. ಸೆರಗಿನಿಂದ ಪಾತ್ರೆ ಒರೆಸಿ, ಒಳಗೆ ಒಯ್ದು ಅಟ್ಟದ ಮೇಲೆ ಬೋರಲು ಹಾಕಿ ಬಂದಳು.

“ಇಲ್ಲೇ ಇಟ್ಟಿರ್ತೀನಿ. ಮುಂದಿನ ಸಲ ತಗಂಡು ಹೋಗೀಯಂತೆ” ಎಂದಳು.

ಸುಚಿತ್ರಾ ಹೂಂ ಎಂದಳು.